ಸಾಂ-ಒರ್ವಾಲ್ ಬಗ್ಗೆ ಒಂದು ಪುಟ

ಆಗಸ್ಟ್ 4, ಸೋಮವಾರ

ಸವಿತಾ ಮೇಡಂ ಒಂದು ಪುಟ ಕೇಳಿದ್ದಾರೆ. ಎಚ್‌ಆರ್ ಅಂದ ಮೇಲೆ ಏನಾದರೂ ಕೇಳ್ತಾನೇ ಇರಬೇಕು, ಇಲ್ಲಾಂದ್ರೆ ಅವರಿಗೂ ಹೊತ್ತು ಹೋಗಲ್ಲ.

"ಆಂಜಿನಪ್ಪ, ಫ್ರಾನ್ಸ್ ಮಷೀನ್ ಬಂದ ಊರನ್ನ ಕಣ್ಣಾರೆ ನೋಡಿರೋರು ಈಗ ಕಂಪನೀಲಿ ನೀವೊಬ್ಬರೇ. ಆ ಊರಿನ ಪರಿಚಯ ಒಂದು ಪುಟ ಬರೆದುಕೊಡಿ. ಬೀಳ್ಕೊಡುಗೆ ದಿನ ಬೋರ್ಡ್ ಮೇಲೆ ಹಾಕ್ತೀವಿ" ಅಂದರು.

ಬೀಳ್ಕೊಡುಗೆ ಮಷೀನಿಗೆ, ನಮಗಲ್ಲ. ನಮಗೆ ಕಾಗದ ಕೊಟ್ಟು ಆಗಿದೆ. ಸೆಪ್ಟೆಂಬರ್ ಹದಿಮೂರಕ್ಕೆ ಪೀಣ್ಯದ ಯೂನಿಟ್ ಬಾಗಿಲು ಹಾಕುತ್ತೆ. ಮಷೀನುಗಳು ಧಾರವಾಡದ ಹೊಸ ಶೆಡ್ಡಿಗೆ ಹೋಗ್ತವೆ, ನಾವು ಮನೆಗೆ.

ಕಂಪನಿ ಜನವರಿಯಲ್ಲಿ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಅದರಲ್ಲೇ ಗೀಚಿ ನೋಡೋಣ ಅಂತ ಕೂತೆ.

"ಸಾಂ-ಒರ್ವಾಲ್ ಫ್ರಾನ್ಸ್ ದೇಶದ ಕರಾವಳಿಗೆ ಆರು ಕಿಲೋಮೀಟರ್ ದೂರದಲ್ಲಿರುವ ಒಂದು ಚಿಕ್ಕ ಪಟ್ಟಣ. ಜನಸಂಖ್ಯೆ ಸುಮಾರು ನಾಲ್ಕು ಸಾವಿರ. ಒಂದು ಚರ್ಚು, ಒಂದು ಬೇಕರಿ, ಒಂದು ಫ್ಯಾಕ್ಟರಿ ಇವೆ."

ಇಷ್ಟಕ್ಕೇ ಪೆನ್ನು ನಿಂತಿತು. ನಾಲ್ಕನೇ ಕ್ಲಾಸಿನ ಪ್ರಬಂಧದ ಹಾಗಿದೆ. ಅದೂ ಅಲ್ಲದೆ ತಪ್ಪು. ಫ್ಯಾಕ್ಟರಿ ಇದೆ ಅಂತ ಹೆಂಗೆ ಬರೆಯೋದು, ಅದನ್ನ ಬಿಚ್ಚಿ ಪೆಟ್ಟಿಗೆಗೆ ತುಂಬಿಕೊಂಡು ಬಂದವನೇ ನಾನು.

ಆಗಸ್ಟ್ 7, ಗುರುವಾರ

ಧಾರವಾಡದಿಂದ ಒಬ್ಬ ಬಂದಿದ್ದಾನೆ. ನಲವತ್ತರ ಆಸುಪಾಸು, ಹಣೆ ತುಂಬ ವಿಭೂತಿ. "ನಮಸ್ಕಾರ್ರೀ ಅಣ್ಣಾರ. ನಾ ಗದಿಗೆಪ್ಪ ಅಂತ್ರಿ. ಮಷೀನ್ ಕಲ್ಕೊಳ್ಳಾಕ ನಿಮ್ಮ ಕಡೆ ಕಳಿಸ್ಯಾರ್ರೀ" ಅಂದ. ಕೈ ಮುಗಿದ. ನಾನು "ಹೂಂ" ಅಂದೆ.

ನಮ್ಮ ಮಷೀನು ಗ್ರೈಂಡಿಂಗ್ ಮಷೀನು. ಕಬ್ಬಿಣದ ಶಾಫ್ಟನ್ನ ತಿರುಗೋ ಸಾಣೆ ಕಲ್ಲಿಗೆ ಒಡ್ಡಿ, ಕೂದಲಿಗಿಂತ ಸಣ್ಣ ಅಳತೆಗೆ ಉಜ್ಜುತ್ತೆ. ಒಳ್ಳೆ ಮಷೀನೇ, ಆದರೆ ಬೆಳಗ್ಗೆ ಒಂದು ರೋಗ. ತಣ್ಣಗಿರುವಾಗ ಅಳತೆ ಸಿಗಲ್ಲ. ಮೊದಲ ನಾಲ್ಕು ಶಾಫ್ಟು ಕಸಕ್ಕೆ. ಬಂದ ಹೊಸದರಲ್ಲಿ ಮ್ಯಾನೇಜರ ಕೈಲಿ ಇದಕ್ಕೇ ಮೂರು ವರ್ಷ ಬೈಸಿಕೊಂಡಿದ್ದೀನಿ. ಆಮೇಲೆ ನಾನೇ ಒಂದು ದಾರಿ ಕಂಡುಕೊಂಡೆ. ನಲವತ್ತು ನಿಮಿಷ ಖಾಲಿ ಓಡಿಸಬೇಕು, ಮಷೀನಿನ ಮಗ್ಗುಲಿಗೆ ಅಂಗೈ ಇಟ್ಟು ಬಿಸಿ ನೋಡಬೇಕು, ಆಮೇಲೆ ಅಳತೆಯ ಕೈಚಕ್ರವನ್ನ ಎರಡು ಗೆರೆ ಹಿಂದಕ್ಕೆ ತಿರುಗಿಸಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ.

ಗದಿಗೆಪ್ಪ ಮಷೀನ್ ಮೇಲಿನ ಲಕ್ಷ್ಮಿ ಫೋಟೋಗೆ ನಮಸ್ಕಾರ ಮಾಡಿ, "ಛಲೋ ಜಾಗಾದಾಗ ಕೂಡಿಸೀರಿ" ಅಂದ. ನಾನೇ ಕೂರಿಸಿದ್ದು. ಮಷೀನು ಪೀಣ್ಯಕ್ಕೆ ಬಂದಿಳಿದ ದಿನ, ಮುಂಭಾಗದಲ್ಲಿ ಸಣ್ಣ ಗೂಡಿನ ಹಾಗೆ ಒಂದು ತಗ್ಗು, ಅಕ್ಕಪಕ್ಕ ಎರಡು ತೂತು ಸಿಕ್ಕವು. ತಗ್ಗಿಗೆ ಗ್ರೀಸ್ ತುಂಬಿ, ಮೇಲೆ ಫೋಟೋ ಇಟ್ಟು ಎರಡು ಸ್ಕ್ರೂ ಬಿಗಿದೆ. ನನ್ನ ಜೊತೆ ಫ್ರಾನ್ಸಿಗೆ ಬಂದಿದ್ದ ನಿಂಗಪ್ಪ ತೆಂಗಿನಕಾಯಿ ಒಡೆದ. ಪಾಪ, ಅವನು ಕೋವಿಡ್‌ನಲ್ಲಿ ಹೋದ.

ಆಗಸ್ಟ್ 12, ಮಂಗಳವಾರ

ಮನೆ ಮುಂದೆ ಚಿನ್ನಪ್ಪಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದ. ನಮ್ಮಣ್ಣ ಹನ್ನೆರಡು ವರ್ಷದಿಂದ ಅದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾನೆ. ಮಾದನಾಯಕನಹಳ್ಳಿಯಲ್ಲಿ ಗೋಡೌನ್‌ಗಳು ಬಂದ ಮೇಲೆ ನಮ್ಮಂಥವರೆಲ್ಲ ಬಾಡಿಗೆ ಮನೆ ಕಟ್ಟಿದೆವು. ಊಟಕ್ಕೇನೂ ತೊಂದರೆ ಇಲ್ಲ. ಬಾಡಿಗೆಯವರು ನೀರು ಬರಲಿಲ್ಲ ಅಂದರೆ ಮೋಟರ್ ಹಾಕೋದು, ಬಂತು ಅಂದರೆ ಆರಿಸೋದು. ಅಷ್ಟೇ ಅವನ ಕೆಲಸ.

"ಇನ್ನೇನ್ ಬಿಡೋ, ನೀನೂ ಇಂಗೇ ಬಂದು ಕೂತ್ಕೋ. ಇನ್ನೊಂದ್ ಕುರ್ಚಿ ತರುಸ್ತೀನಿ" ಅಂದ.

ಅವನು ಪ್ರೀತಿಯಿಂದಲೇ ಅಂದಿದ್ದು. ನಾನು ಮಾತ್ರ ಕೂರದೆ ಒಳಗೆ ಹೋದೆ. ಐವತ್ಮೂರು ವಯಸ್ಸಿಗೆ ಬೇರೆ ಯಾರೂ ಕೆಲಸ ಕೊಡಲ್ಲ, ಗೊತ್ತು. ಉಳಿದಿರೋದು ಒಂದೇ ದಾರಿ. ಗದಿಗೆಪ್ಪನ ಕೈಲಿ ಮಷೀನ್ ನಡೆಯಬಾರದು. ಆಗ ನನ್ನನ್ನೂ ಧಾರವಾಡಕ್ಕೆ ಕರೀಲೇಬೇಕು. ಎರಡು ಗೆರೆ ವಿಷಯ ನಾನು ಹೇಳಲ್ಲ. ನನಗೆ ಯಾರು ಹೇಳಿಕೊಟ್ಟಿದ್ದರು?

ಅರ್ಮಾನ್ ಹೇಳಿಕೊಟ್ಟನಾ? ಹದಿನಾಲ್ಕು ವರ್ಷದ ಹಿಂದೆ ನಾನು, ನಿಂಗಪ್ಪ, ಆಮೇಲೆ ಕಂಪನಿ ಬಿಟ್ಟ ಒಬ್ಬ ಇಂಜಿನಿಯರ್, ಮಷೀನು ಕಲಿತು ಬಿಚ್ಚಿಕೊಂಡು ಬರೋಕೆ ಅಂತ ಐದು ವಾರ ಆ ಊರಲ್ಲಿದ್ದೆವು. ಅರ್ಮಾನ್ ಅಲ್ಲಿ ಈ ಮಷೀನನ್ನ ಓಡಿಸ್ತಿದ್ದ ಮುದುಕ. ನಮ್ಮನ್ನು ಕಂಡರೆ ಗುಡ್ ಮಾರ್ನಿಂಗ್ ಇಲ್ಲ, ನಗು ಇಲ್ಲ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದರೆ ಅವನೊಬ್ಬ ಮಷೀನ್ ಹಿಂದೆ ಗೋಡೆ ಕಡೆ ಮುಖ ಮಾಡಿ ಬ್ರೆಡ್ ತಿನ್ನೋನು. ಬೆಳಗ್ಗೆ ಐದಕ್ಕೇ ಬಂದು ಮಷೀನು ಹೊಂದಿಸಿಬಿಡೋನು. ನಮ್ಮ ಬಸ್ಸು ಬರ್ತಿದ್ದುದು ಎಂಟಕ್ಕೆ. ಒಂದು ದಿನವೂ ಅವನು ಹೊಂದಿಸೋದನ್ನ ನಾವು ನೋಡಲಿಲ್ಲ. ಗುಟ್ಟನ್ನ ಹೊಟ್ಟೇಲಿ ಇಟ್ಕೊಂಡೇ ನಮ್ಮನ್ನ ಸಾಗಹಾಕಿದ.

ಆಗಸ್ಟ್ 19, ಮಂಗಳವಾರ

ಐದೂವರೆಗೆ ಮನೆ ಬಿಟ್ಟೆ. ಇತ್ತೀಚೆಗೆ ದಿನಾ ಹಿಂಗೇ. ಗದಿಗೆಪ್ಪ ಎಂಟಕ್ಕೆ ಬರೋಷ್ಟರಲ್ಲಿ ಮಷೀನು ಬಿಸಿಯಾಗಿ, ಹೊಂದಿಕೊಂಡು, ಮೊದಲ ಶಾಫ್ಟು ಮೇಜಿನ ಮೇಲಿರುತ್ತೆ. "ಅಣ್ಣಾರ, ನಾನೂ ಲಗೂನ ಬರಲೇನ್ರೀ?" ಅಂದ. ಬೇಡ, ಗೇಟು ತೆಗೆಯಲ್ಲ ಅಂದೆ. ನನಗೆ ತೆಗೆಯುತ್ತೆ.

ಸವಿತಾ ಮೇಡಂ ಮತ್ತೆ ಕೇಳಿದರು. "ಕಲರ್‌ಫುಲ್ ಆಗಿರಲಿ" ಅಂತೆ. ಬಣ್ಣ ಎಲ್ಲಿಂದ ತರಲಿ? ಆ ಊರು ಬೂದಿ ಬಣ್ಣದ ಕಲ್ಲಿನ ಮನೆಗಳ ಸಾಲು. ಹಾಡಹಗಲೇ ಕಿಟಕಿ ಮುಚ್ಚಿರೋದು. ಮಳೆ ಅಂದರೆ ನಮ್ಮ ಹಾಗೆ ಧೋ ಅಂತ ಸುರಿದು ನಿಲ್ಲಲ್ಲ, ಯಾರೋ ಇಸ್ತ್ರಿಗೆ ನೀರು ಚಿಮುಕಿಸಿದ ಹಾಗೆ ದಿನವಿಡೀ. ಜನ ಉದ್ದನೆ ಬ್ರೆಡ್ಡನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೋಗೋರು. ನಿಂಗಪ್ಪ ನೋಡಿ, "ಥೂ, ಬೆವರು ತಾಗಲ್ವೇನೋ" ಅಂದಿದ್ದ.

ಸಮುದ್ರವೂ ಅಷ್ಟೇ. ಭಾನುವಾರ ನಡೆದುಕೊಂಡೇ ಹೋದೆವು. ಹೋದರೆ ಸಮುದ್ರ ಇಲ್ಲ! ಇಳಿತವಂತೆ, ಎರಡು ಕಿಲೋಮೀಟರ್ ಹಿಂದಕ್ಕೆ ಹೋಗಿತ್ತು. ದೋಣಿಗಳು ಕೆಸರಲ್ಲಿ ಮಗ್ಗುಲಾಗಿ ಬಿದ್ದಿದ್ದವು. ವಾಪಸ್ ಬರೋವಾಗ ಚರ್ಚಿನ ಹತ್ತಿರ ಬೆಂಚಿನ ಮೇಲೆ ಐದಾರು ಜನ, ಸಮುದ್ರಕ್ಕೆ ಬೆನ್ನು ಹಾಕಿ ಫ್ಯಾಕ್ಟರಿ ಗೇಟನ್ನೇ ನೋಡುತ್ತಾ ಕೂತಿದ್ದರು. ಅವರಿಗೆ ಆಗಲೇ ಕಾಗದ ಕೊಟ್ಟಿದ್ದರಂತೆ. ನಾವಿಬ್ಬರೂ ನಕ್ಕೆವು. ಮುಚ್ಚಿದ ಗೇಟಲ್ಲಿ ಏನು ಸಿನಿಮಾ ತೋರಿಸ್ತಾರಾ ಅಂತ.

ಇದನ್ನೆಲ್ಲ ಬೋರ್ಡಿಗೆ ಹಾಕೋಕಾಗಲ್ಲ.

ಆಗಸ್ಟ್ 28, ಗುರುವಾರ

ನಿನ್ನೆ ಗಣೇಶನ ಹಬ್ಬ. ನನ್ನ ಹೆಂಡತಿ ಜ್ಯೋತಿ ದೇವರ ಗೂಡನ್ನೆಲ್ಲ ತೊಳೆದು, ಅರ್ಮಾನ್ ಕೊಟ್ಟ ಹಿತ್ತಾಳೆ ತುಂಡಿಗೂ ಕುಂಕುಮ ಇಟ್ಟಳು. ಅದಕ್ಕೆ ಅವಳು ಫ್ರಾನ್ಸ್ ದೇವರು ಅಂತಾಳೆ.

ಅದನ್ನ ಅವನು ಕೊಟ್ಟಿದ್ದು ನಾವು ಹೊರಡೋ ದಿನ. ಭಾನುವಾರ, ಅವರ ಭಾಷೆಗೆ ನಮಗೆ ಅರ್ಥ ಹೇಳೋ ಹುಡುಗಿ ಬಂದಿರಲಿಲ್ಲ. ಲಾಡ್ಜಿನ ಬಾಗಿಲಿಗೆ ಬಂದು ನಿಂತು, ನೀಲಿ ಕರ್ಚೀಫಲ್ಲಿ ಸುತ್ತಿದ್ದನ್ನ ನನ್ನ ಕೈಗೆ ಹಾಕಿದ. ಐದು ವಾರ ಬಾಯಿ ಬಿಡದವನು ಅವತ್ತು ಬಡಬಡ ಮಾತಾಡಿದ. ಕಿಟಕಿ ಕಡೆ ಕೈ ತೋರಿಸಿದ, ಮಲಗಿ ಏಳೋ ಹಾಗೆ ಅಭಿನಯಿಸಿದ, ತುಂಡನ್ನ ಮುಟ್ಟಿ ತೋರಿಸಿದ. ದಿನಾ ಬೆಳಗ್ಗೆ ಎದ್ದು ನನ್ನ ನೆನಪಿಸಿಕೋ ಅಂತಿದ್ದಾನೆ ಅನ್ನಿಸಿತು. ನನಗೆ ಬರ್ತಿದ್ದ ಒಂದೇ ಮಾತು ಮೆರ್ಸಿ, ಅಂದರೆ ಥ್ಯಾಂಕ್ಸ್. ಮೆರ್ಸಿ ಮೆರ್ಸಿ ಅಂದು ಕಣ್ಣಿಗೆ ಒತ್ತಿಕೊಂಡೆ. ಅವನು ಮತ್ತೆ ಅದೇ ಅಭಿನಯ ಮಾಡಿದ. ನಾನು ಮತ್ತೆ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಹೊರಟುಹೋದ.

ನಮ್ಮಲ್ಲೂ ರಿಟೈರ್ ಆದವರಿಗೆ ಹಿತ್ತಾಳೆ ಫಲಕ ಕೊಡ್ತಾರಲ್ಲ, ಅಂಥದ್ದೇ ಅಂದುಕೊಂಡೆ. ಜ್ಯೋತಿಗೆ ಕೊಟ್ಟು, ದಿನಾ ಬೆಳಗ್ಗೆ ಪೂಜೆ ಮಾಡಬೇಕಂತೆ ಅಂದೆ. ಹದಿನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ ಪುಣ್ಯಾತ್ಗಿತ್ತಿ. ಗುಟ್ಟು ಇಟ್ಕೊಂಡು ಗಿಫ್ಟ್ ಕೊಟ್ಟ ಮುದುಕನಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಎಷ್ಟೋ ಸಲ ಅನ್ನಿಸಿದೆ.

ಸೆಪ್ಟೆಂಬರ್ 3, ಬುಧವಾರ

ಇವತ್ತು ಧಾರವಾಡದ ಸಾಹೇಬರು ಬಂದಿದ್ದರು. ಬೆಳಗ್ಗೆ ಎಂಟಕ್ಕೆ ಗದಿಗೆಪ್ಪ ಒಬ್ಬನೇ ಮಷೀನ್ ಓಡಿಸಬೇಕು ಅಂದರು. ನನ್ನನ್ನ ದೂರ ನಿಲ್ಲಿಸಿದರು. ಮೊದಲ ಶಾಫ್ಟು ಹೋಯ್ತು. ಎರಡನೇದು ಹೋಯ್ತು. ನಾಲ್ಕೂ ಹೋದವು. ಸಾಹೇಬರು, "ಒಂದು ತಿಂಗಳು ಏನ್ ಕಲಿತಿ? ಇಲ್ಲಾಂದ್ರ ಹೊಳ್ಳಿ ನಿನ್ನ ಹಳೇ ಡಿಸ್ಪ್ಯಾಚಿಗೆ ಹೋಗು" ಅಂತ ಎಲ್ಲರ ಎದುರೇ ಅಂದರು.

ಸಾಹೇಬರು ಹೋದ ಮೇಲೆ ಗದಿಗೆಪ್ಪ ನನ್ನ ಹತ್ತಿರ ಬಂದ. "ಅಣ್ಣಾರ, ನೀವು ತೋರಿಸಿದಂಗ ಮಾಡೀನ್ರೀ. ನಾ ಎಲ್ಲಿ ತಪ್ಪಾಕತ್ತೀನಿ?" ಅಂದ. ಸಿಟ್ಟಿಲ್ಲ ಅವನಿಗೆ. ನಾನು, "ಕೈ ಪಳಗಬೇಕು" ಅಂದೆ.

ಮಧ್ಯಾಹ್ನ ಕ್ಯಾಂಟೀನಿಗೆ ಹೋಗಲಿಲ್ಲ. ಡಬ್ಬಿ ತೆಗೆದುಕೊಂಡು ಮಷೀನ್ ಹಿಂದೆ ಕೂತು ತಿಂದೆ. ಅಲ್ಲಿ ತಣ್ಣಗಿರುತ್ತೆ.

ಸೆಪ್ಟೆಂಬರ್ 9, ಮಂಗಳವಾರ

ಆಯಿತು. ಸವಿತಾ ಮೇಡಂ ಕರೆದು ಹೇಳಿದರು. "ಆಂಜಿನಪ್ಪ, ಆರು ತಿಂಗಳು ಧಾರವಾಡಕ್ಕೆ ಹೋಗ್ತೀರಾ? ಆಮೇಲೆ ಮುಂದುವರಿಸಬಹುದು. ಲೆಟರ್ ರೆಡಿ ಮಾಡ್ತಿದೀನಿ."

ಹೂಂ ಅಂದೆ. ಮೆಟ್ರೋದಲ್ಲಿ ನಾಗಸಂದ್ರ ದಾಟೋವರೆಗೂ ಮುಖದ ಮೇಲೆ ನಗು ಇತ್ತು. ಜ್ಯೋತಿ, "ಅಲ್ಲಿ ನೀರು ಹೆಂಗಂತೆ? ಗಡಸಾ?" ಅಂತ ಶುರು ಮಾಡಿದಳು. ಚಿನ್ನಪ್ಪಣ್ಣನಿಗೆ ಕುರ್ಚಿ ಬೇಡ ಅಂತ ಹೇಳಿಬಂದೆ.

ಸೆಪ್ಟೆಂಬರ್ 11, ಗುರುವಾರ

ಪ್ಯಾಕಿಂಗ್ ಶುರುವಾಯಿತು. ಗದಿಗೆಪ್ಪ ಸ್ಪ್ಯಾನರ್ ಹಿಡಿದವನು ಫೋಟೋ ಮುಂದೆ ನಿಂತುಬಿಟ್ಟ. "ದೇವ್ರನ್ನ ಹಂಗ ಪೆಟಗ್ಯಾಗ ಹಾಕೂದು ಬ್ಯಾಡ್ರೀ. ನೀವ ತೆಗೀರಿ, ಇಷ್ಟ ವರ್ಷ ಪೂಜಿ ಮಾಡಿದವರು ನೀವು."

ಎರಡು ಸ್ಕ್ರೂ ಬಿಚ್ಚಿದೆ. ಲಕ್ಷ್ಮಿಯನ್ನ ಒರೆಸಿ ಪಕ್ಕಕ್ಕಿಟ್ಟೆ. ಹಿಂದಿನ ತಗ್ಗಿನಲ್ಲಿ ಹಳೆ ಗ್ರೀಸ್ ಕಲ್ಲಾಗಿತ್ತು. ಅದನ್ನ ಕೆರೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ತಗ್ಗು ಒಂದು ಕಡೆ ಉದ್ದ, ಇನ್ನೊಂದು ಕಡೆ ಮೋಟು, ಒಂದು ಮೂಲೆ ಚೂರು ಕತ್ತರಿಸಿದ ಹಾಗೆ. ಆ ಆಕಾರ ನನಗೆ ಗೊತ್ತು. ಹದಿನಾಲ್ಕು ವರ್ಷದಿಂದ ದಿನಾ ಸ್ನಾನ ಮಾಡಿ ಅದರ ಮುಂದೆ ನಿಂತು ಕೈ ಮುಗಿದಿದ್ದೀನಿ.

ಅರ್ಮಾನ್ ಕೊಟ್ಟಿದ್ದು ಗಿಫ್ಟ್ ಅಲ್ಲ. ಅಳತೆ ತುಂಡು. ಬೆಳಗ್ಗೆ ಮಷೀನು ತಣ್ಣಗಿರುವಾಗ ಅದನ್ನ ಆ ಗೂಡಿನಲ್ಲಿ ಕೂರಿಸಿ, ಎರಡು ಸ್ಕ್ರೂ ಬಿಗಿದು, ಕಲ್ಲನ್ನ ಅದಕ್ಕೆ ಮುಟ್ಟಿಸಿ ಸೊನ್ನೆಗೆ ಇಡಬೇಕು. ಐದು ನಿಮಿಷದ ಕೆಲಸ. ಒಂದು ಶಾಫ್ಟೂ ಹೋಗಲ್ಲ. ಮುದುಕ ಕಿಟಕಿ ತೋರಿಸಿದ್ದು, ಮಲಗಿ ಎದ್ದಿದ್ದು, ತುಂಡು ಮುಟ್ಟಿದ್ದು. ದಿನಾ ಬೆಳಗ್ಗೆ, ಮೊದಲು, ಇದು. ಅಷ್ಟೇ ಅವನು ಹೇಳಿದ್ದು. ಎರಡು ಸಲ ಹೇಳಿದ.

ತುಂಡು ಇರಬೇಕಾದ ಕಡೆ ದೇವರನ್ನ ಕೂರಿಸಿದೆ, ದೇವರ ಗೂಡಲ್ಲಿ ತುಂಡನ್ನ ಕೂರಿಸಿದೆ. ಹದಿನಾಲ್ಕು ವರ್ಷ ಆ ಮನುಷ್ಯನನ್ನ ಬೈದೆ.

"ಏನಾತ್ರೀ ಅಣ್ಣಾರ?" ಅಂದ ಗದಿಗೆಪ್ಪ. ಏನಿಲ್ಲ, ಗ್ರೀಸ್ ವಾಸನೆ ಅಂದೆ.

ಸೆಪ್ಟೆಂಬರ್ 12, ಶುಕ್ರವಾರ

ರಜೆ ಹಾಕಿದೆ. ಯಾರಿಗೂ ಹೇಳದೆ ಇದ್ದುಬಿಟ್ಟರೆ? ಯಾರಿಗೂ ಗೊತ್ತಾಗಲ್ಲ. ನಾನು ಧಾರವಾಡಕ್ಕೆ ಹೋಗ್ತೀನಿ, ದಿನಾ ಐದೂವರೆಗೆ ಎದ್ದು ಎರಡು ಗೆರೆ ತಿರುಗಿಸ್ತೀನಿ, ರಿಟೈರ್ ಆಗೋವರೆಗೂ ಮಷೀನ್ ನನ್ನದು. ತುಂಡು ದೇವರ ಗೂಡಲ್ಲೇ ಇರಲಿ.

ಶುಕ್ರವಾರ ಅಲ್ಲವಾ, ಜ್ಯೋತಿ ದೇವರ ಸಾಮಾನು ತೊಳೆಯೋಕೆ ಕೂತಿದ್ದಳು. ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಲ್ಲಿ ಗಸಗಸ ತಿಕ್ಕುತ್ತಿದ್ದಳು. ಮೊದಲು ದೀಪ, ಆಮೇಲೆ ಗಂಟೆ, ಆಮೇಲೆ ಆ ತುಂಡು. ಎದ್ದು ಹೋಗಿ ಅವಳ ಕೈಯಿಂದ ಕಿತ್ತುಕೊಂಡೆ.

"ಅಯ್ಯೋ, ಏನ್ರೀ ಆಯ್ತು ನಿಮಗೆ?"

"ಪ್ರತಿ ವಾರ ಹಿಂಗೇ ತಿಕ್ತೀಯಾ?"

"ಇನ್ನೆಂಗೆ ತಿಕ್ಕಲಿ? ಹಿತ್ತಾಳೆ ಹೊಳೀಬೇಡ್ವಾ?"

ಮೈಕ್ರೋಮೀಟರ್ ತಂದು ಅಳೆದೆ. ಕುಂಕುಮ ತುಂಬಿ ಮುಚ್ಚಿಹೋಗಿದ್ದ ಅಂಕಿಗಳನ್ನ ಸೂಜಿಯಿಂದ ಬಿಡಿಸಿದೆ. 40.000 ಅಂತ ಕೊರೆದಿದೆ, ಮಿಲಿಮೀಟರ್ ಲೆಕ್ಕ. ನನಗೆ ಬಂದಿದ್ದು 39.970. ಮೂರು ಸಲ ಅಳೆದೆ, ಮೂರು ಸಲವೂ ಅದೇ. ಅರ್ಧ ಕೂದಲಿನಷ್ಟು ಸವೆದುಹೋಗಿದೆ. ನನ್ನ ಹೆಂಡತಿಯ ಭಕ್ತಿಗೆ ಹೋಗಿದ್ದು ಮೂವತ್ತು ಮೈಕ್ರಾನ್.

ಅವಳಿಗೆ ಎಲ್ಲ ಹೇಳಿದೆ. ಧಾರವಾಡದ ಕೆಲಸ ಹೆಂಗೆ ಸಿಕ್ಕಿತು ಅನ್ನೋದೂ ಸೇರಿಸಿ. ನನ್ನ ಕೈಯಿಂದ ತುಂಡು ತಗೊಂಡು ಸೆರಗಿನಲ್ಲಿ ಒರೆಸಿದಳು. ಆಮೇಲೆ, "ಆವಯ್ಯ ಪಾಪ ಬಾಗಿಲವರೆಗೂ ಬಂದು ಕೊಟ್ಟೋಗಿದ್ದ, ನಾವು ತೊಳೆದು ತೊಳೆದು ಸವೆಸಿಬಿಟ್ವಲ್ರೀ" ಅಂದಳು. ಹಾಗಂದು ಅತ್ತಳು. ನಾನು ಧಾರವಾಡದ ಬಗ್ಗೆ ಏನಾದರೂ ಅಂತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಲಾರಿ ಹನ್ನೊಂದಕ್ಕೆ ಹೊರಟಿತು. ಅದಕ್ಕೆ ಮುಂಚೆ ಗದಿಗೆಪ್ಪನನ್ನ ಖಾಲಿ ಶೆಡ್ಡಿನ ಮೂಲೆಗೆ ಕರೆದೆ. ತುಂಡು ಕೊಟ್ಟೆ. ಅವನು ತಕ್ಷಣ ಕಣ್ಣಿಗೆ ಒತ್ತಿಕೊಳ್ಳೋಕೆ ಹೋದ.

"ಒತ್ಕೋಬೇಡ" ಅಂದೆ. ಸ್ವಲ್ಪ ಜೋರಾಗೇ ಬಂತು. "ಇದು ದೇವರಲ್ಲ ಕಣಪ್ಪಾ. ಮೊದಲು ಕೇಳು."

ಎಲ್ಲ ಹೇಳಿದೆ. ಗೂಡು, ಸ್ಕ್ರೂ, ಕಲ್ಲು ಮುಟ್ಟೋ ಸದ್ದು. ಮೂವತ್ತು ಮೈಕ್ರಾನ್ ಕಮ್ಮಿ ಇದೆ, ಅಷ್ಟು ಸೇರಿಸಿ ಸೊನ್ನೆ ಇಡಬೇಕು ಅಂತ ಚೀಟಿ ಬರೆದು ತುಂಡಿಗೆ ಕಟ್ಟಿದೆ. ನಲವತ್ತು ನಿಮಿಷ, ಎರಡು ಗೆರೆ, ಅದನ್ನೂ ಹೇಳಿದೆ, ಒಂದು ವೇಳೆ ಇದು ಕಳೆದುಹೋದರೆ ಬೇಕಾಗುತ್ತೆ ಅಂತ. ಅವನ ಬಾಯಿಂದಲೇ ಎರಡು ಸಲ ಹೇಳಿಸಿದೆ. ಒಂದು ತಿಂಗಳು ಬೇಕಂತಲೇ ಹೇಳಲಿಲ್ಲ ಅನ್ನೋದನ್ನೂ ಹೇಳಿದೆ.

ಗದಿಗೆಪ್ಪ ನೆಲ ನೋಡುತ್ತಾ ನಿಂತಿದ್ದ. "ಗೊತ್ತಿತ್ರೀ ಅಣ್ಣಾರ" ಅಂದ. "ದಿನಾ ಆರರ ಸುಮಾರಿಗ ಬರತಿದ್ರಲ್ಲ, ವಾಚ್‌ಮನ್ ಹೇಳಿದ್ದ. ನಿಮ್ಮ ಜಾಗಾದಾಗ ನಾ ಇದ್ರೂ ಹಂಗ ಮಾಡತಿದ್ನೋ ಏನೋ."

ಬೈದಿದ್ದರೆ ಚೆನ್ನಾಗಿತ್ತು.

ಬೋರ್ಡ್ ಹಾಕಿದ್ದರು. ಸವಿತಾ ಮೇಡಂ ಕಾದು ಸಾಕಾಗಿ ನೆಟ್‌ನಿಂದ ಯಾವುದೋ ಬೀಚಿನ ಫೋಟೋ ತೆಗೆದು ಅಂಟಿಸಿದ್ದರು. ನೀಲಿ ನೀರು, ಬಣ್ಣದ ಛತ್ರಿ. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ನನ್ನನ್ನೂ ನಿಲ್ಲಿಸಿದರು.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಪೂಜೆಗೆ ಮಷೀನಿಲ್ಲ. ಜ್ಯೋತಿ ಈಳಿಗೆಮಣೆ, ಮಿಕ್ಸಿ, ನನ್ನ ಸ್ಕೂಟರಿಗೆ ಕುಂಕುಮ ಇಟ್ಟಳು. ದೇವರ ಗೂಡಲ್ಲಿ ತುಂಡು ಇದ್ದ ಜಾಗಕ್ಕೂ ಒಂದು ಸೇವಂತಿಗೆ ಇಟ್ಟಳು. ಅಲ್ಲೇನಿದೆ ಅಂದೆ. ಇರಲಿ ಬಿಡಿ, ಅಭ್ಯಾಸಕ್ಕೆ ಕೈ ಹೋಗುತ್ತೆ ಅಂದಳು.

ಹತ್ತು ಗಂಟೆಗೆ ಗದಿಗೆಪ್ಪನ ಫೋನು. ಹಿಂದೆ ಕಾಯಿ ಒಡೆಯೋ ಸದ್ದು. "ಅಣ್ಣಾರ, ಮೊದಲನೇ ಪೀಸೇ ಪಾಸಾತ್ರೀ! ಸಾಹೇಬ್ರು ಭಾಳ ಖುಷಿ ಆಗ್ಯಾರ." ಆಮೇಲೆ ದನಿ ಇಳಿಸಿ, "ನಿಮ್ಮ ಲೆಟರ್ ವಿಷಯ ಕೇಳಿದ್ನ್ರೀ. ಈಗ ಗರಜಿಲ್ಲ ಅಂದ್ರು. ನಂದ ತಪ್ಪಾತೇನೋ" ಅಂದ. ಇಲ್ಲಪ್ಪ, ಚೆನ್ನಾಗಾಯ್ತು, ಹಬ್ಬ ಮಾಡಿ ಅಂದೆ. ಫೋನಿಟ್ಟ ಮೇಲೆ ಏನೂ ಮಾಡೋಕೆ ತೋಚಲಿಲ್ಲ. ಈ ಡೈರಿ ತೆಗೆದೆ. ಯಾರೂ ಕೇಳುತ್ತಿಲ್ಲ, ಆದರೂ ಆ ಒಂದು ಪುಟ ಬಾಕಿ ಇದೆ.

"ಸಾಂ-ಒರ್ವಾಲ್ ಸಮುದ್ರಕ್ಕೆ ಆರು ಕಿಲೋಮೀಟರ್ ದೂರದ ಊರು. ಸಮುದ್ರ ದಿನಕ್ಕೆ ಎರಡು ಸಲ ದೂರ ಹೋಗಿ ಎರಡು ಸಲ ವಾಪಸ್ ಬರುತ್ತೆ. ಊರಿಗೆ ಬರುವ ದಾರಿಯಲ್ಲಿ ಊರಿನ ಹೆಸರಿನ ಬೋರ್ಡಿದೆ. ಊರು ಬಿಡುವ ದಾರಿಯಲ್ಲೂ ಅದೇ ಬೋರ್ಡು, ಆದರೆ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. ಊರು ಮುಗಿಯಿತು ಅಂತ ಅರ್ಥ. ಅಲ್ಲಿಯ ಜನ ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ಫ್ಯಾಕ್ಟರಿ ಮುಚ್ಚಿದಾಗ ಅವರ ಮಷೀನು ಬಿಚ್ಚಲು ಹೊರಗಿನವರು ಬಂದರು. ಬಂದವರ ಜೊತೆ ಕೂತು ಉಣ್ಣಲು ಅವರಿಗೆ ಮನಸ್ಸಾಗಲಿಲ್ಲ. ಅದು ತಪ್ಪಲ್ಲ. ಅರ್ಮಾನ್ ಅಂತ ಒಬ್ಬರಿದ್ದರು. ಮನಸ್ಸಿಲ್ಲದಿದ್ದರೂ ಭಾನುವಾರ ನಡೆದುಕೊಂಡು ಬಂದು, ತಮಗೆ ಗೊತ್ತಿದ್ದುದನ್ನೆಲ್ಲ ಕೊಟ್ಟು ಹೋದರು. ಏನನ್ನೂ ಬಚ್ಚಿಡಲಿಲ್ಲ."

ಬರೆದು ಮುಗಿಸಿ ಹೊರಗೆ ಬಂದೆ. ಚಿನ್ನಪ್ಪಣ್ಣ ಗೇಟಿನ ಹತ್ತಿರ ರಸ್ತೆ ನೋಡುತ್ತಾ ಕೂತಿದ್ದ. ಪಕ್ಕದಲ್ಲಿ ಹೊಸ ಕುರ್ಚಿ, ಅದಕ್ಕೂ ಯಾರೋ ಕುಂಕುಮ ಇಟ್ಟಿದ್ದರು. ಅಣ್ಣ ಅದನ್ನ ನನ್ನ ಕಡೆ ಎಳೆದ. ಕೂತೆ.